ಜಗುಲಿ, ಕುರ್ಚಿ, ಕುಕ್ಕರಗಾಲು

ಅಕ್ಟೋಬರ್ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಎಷ್ಟೋ ಮನೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬ್ಯಾರನ್‌ನಲ್ಲಿ (ಸೊಪ್ಪು ಬೇಯಿಸುವ ಗೂಡಿನಲ್ಲಿ) ಬೆಂದು ಹಳದಿಯಾದ ಹೊಗೆಸೊಪ್ಪು ಹಜಾರದಲ್ಲಿ, ನಡುಮನೆಯಲ್ಲಿ, ಕೆಲವೊಮ್ಮೆ ಮಲಗುವ ಕೋಣೆಯಲ್ಲೂ ರಾಶಿ ಬಿದ್ದಿರುತ್ತದೆ. ಹರಾಜಿಗೆ ಬೇಲು ಕಟ್ಟುವ ಮುಂಚೆ ಎಲೆ ಎಲೆಯ ಬಣ್ಣ ನೋಡಿ ಬೇರೆ ಮಾಡಬೇಕು. ಆ ಕೆಲಸ ಹೆಚ್ಚಾಗಿ ಹೆಂಗಸರದು. ತಿಂಡಿ ಮುಗಿಸಿ ಕೂತರೆ ಏಳುವುದು ಊಟಕ್ಕೆ, ಊಟ ಮುಗಿಸಿ ಕೂತರೆ ಏಳುವುದು ದೀಪ ಹಚ್ಚುವ ಹೊತ್ತಿಗೆ. ಅಂಥ ಮನೆಯ ಹುಡುಗನೊಬ್ಬ ಮೊಬೈಲ್ ನೋಡುತ್ತಾ, ‘ಕೂರೋದು ಸಿಗರೇಟ್ ಸೇದಿದಷ್ಟೇ ಕೆಟ್ಟದ್ದಂತೆ ಕಣಮ್ಮ’ ಎಂದು ಓದಿ ಹೇಳಿದನೆನ್ನಿ. ತಾಯಿ ಕೂತಿದ್ದಾಳೆ, ಕೈಯಲ್ಲಿ ಸಿಗರೇಟಿಗೆ ಹೋಗುವ ಸೊಪ್ಪೇ ಇದೆ. ಅವಳಿಗೆ ಆ ಮಾತಿನಿಂದ ಆಗಬೇಕಾದ್ದೇನು?

ಎನ್. ಬೇಗೂರು ಎಚ್.ಡಿ. ಕೋಟೆ ಸೀಮೆಯ ಕಾಡಂಚಿನ ಊರು. ಬಂಡೀಪುರ ಹುಲಿ ಮೀಸಲಿನ ಒಂದು ವಲಯಕ್ಕೆ ಇದರದೇ ಹೆಸರು. ಇಂಥ ಊರುಗಳಿಗೂ ಈಗ ಸಕ್ಕರೆ ಕಾಯಿಲೆ, ಬಿಪಿಯ ತಪಾಸಣೆ ಬಂದಿದೆ. 30 ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಒಂದು ಹಾಳೆ ಹಿಡಿದು ಬರುತ್ತಾಳೆ. ವಯಸ್ಸೆಷ್ಟು, ಹೊಗೆಸೊಪ್ಪು ಅಗಿಯುತ್ತೀರಾ, ಕುಡಿಯುತ್ತೀರಾ, ಸೊಂಟದ ಸುತ್ತಳತೆ ಎಷ್ಟು, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ. ಇವುಗಳ ಜೊತೆಗೆ ಇನ್ನೊಂದು: ವಾರಕ್ಕೆ ಕನಿಷ್ಠ 150 ನಿಮಿಷ ದೈಹಿಕ ಚಟುವಟಿಕೆ ಮಾಡುತ್ತೀರಾ? ಎಲ್ಲಕ್ಕೂ ಅಂಕಗಳುಂಟು. ಒಟ್ಟು 4 ದಾಟಿದರೆ ಮೊದಲು ತಪಾಸಣೆಯಾಗಬೇಕಾದವರ ಪಟ್ಟಿಗೆ ಹೆಸರು ಸೇರುತ್ತದೆ. ‘ವ್ಯಾಯಾಮಾನಾ? ಕೋಳಿ ಕೂಗೋಕ್ ಮುಂಚೆ ಎದ್ದು ಕೊಟ್ಟಿಗೆ ಕಸ ಹೊತ್ತು, ನೀರು ಹೊತ್ತು, ಮಧ್ಯಾಹ್ನದಗಂಟ ಸೊಪ್ಪಿಗೆ ಕುಂತಿದ್ದೆ. ಅದನ್ನ ಏನೂಂತ ಬರ್ಕೋತೀಯವ್ವ?’ ಎಂದು ಮನೆಯಾಕೆ ಕೇಳಿದರೆ ಹಾಳೆಯಲ್ಲಿ ಉತ್ತರವಿಲ್ಲ. ಹಾಳೆ ಬರೆದವರ ಹಿಂದೆ ನೂರಾರು ವರ್ಷಗಳ ವಾದವಿದೆ, ಆ ವಾದ ಇನ್ನೂ ತೀರಿಲ್ಲ.

ಹಳೆಯ ದೂರು

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ದುಡ್ಡಿನ ವಿಚಾರವನ್ನು ಹೇಳುತ್ತದೆಯೇ ಹೊರತು ಮೈಯ ವಿಚಾರವನ್ನಲ್ಲ. ಮೈಯ ವಿಚಾರವನ್ನು ಹೇಳಿದವರು ವೈದ್ಯರು. ಚರಕಸಂಹಿತೆ ಪ್ರಮೇಹದ ಕಾರಣಗಳನ್ನು ಎಣಿಸುವಾಗ ಕೂರುವ ಸುಖವನ್ನು ಮೊದಲಿಗೇ ಇಡುತ್ತದೆ. ಅದರ ಬೆನ್ನಿಗೆ ನಿದ್ದೆಯ ಸುಖ, ಮೊಸರು, ಹೊಸ ಧಾನ್ಯ, ಬೆಲ್ಲದ ತಿನಿಸುಗಳು ಬರುತ್ತವೆ. ಸುಶ್ರುತಸಂಹಿತೆಯ ಚಿಕಿತ್ಸೆ ಇನ್ನೂ ಕಟುವಾದದ್ದು: ಕಾಸಿಲ್ಲದ ರೋಗಿ ಚಪ್ಪಲಿ, ಕೊಡೆ ಬಿಟ್ಟು ಮುನಿಯಂತೆ ನೂರು ಯೋಜನ ನಡೆಯಬೇಕು, ಇಲ್ಲವೇ ಬಾವಿ ತೋಡಬೇಕು. ಚರಕನ ಪಟ್ಟಿಯಲ್ಲಿ ಗಮನಿಸಬೇಕಾದ ಮಾತು ‘ಸುಖ’. ಚರಕ ದೂರುವುದು ಬರಿಯ ಕೂರುವಿಕೆಯನ್ನಲ್ಲ, ಮೆತ್ತನೆಯ ಆಸನಕ್ಕೆ ಅಂಟಿಕೊಂಡ ಸಿರಿವಂತಿಕೆಯನ್ನು. ಸೊಪ್ಪು ಆರಿಸುವವಳ ಕೂರುವಿಕೆಯಲ್ಲಿ ಆ ಸುಖ ಎಲ್ಲಿದೆ?

ಆ ಇನ್ನೊಂದು ಬಗೆಯ ಕೂರುವಿಕೆಯನ್ನು ಕಂಡವನು ಇಟಲಿಯ ಬರ್ನಾರ್ಡಿನೊ ರಾಮಾಜಿನಿ. 1700ರಲ್ಲಿ ಅಚ್ಚಾದ ಅವನ ಗ್ರಂಥ ಕಸುಬುದಾರರ ಕಾಯಿಲೆಗಳನ್ನು ಕುರಿತದ್ದು. ದರ್ಜಿಗಳು, ಚಪ್ಪಲಿ ಹೊಲಿಯುವವರು ದಿನವಿಡೀ ಬಾಗಿ ಕೂತು ಬೆನ್ನು ಡೊಂಕಾಗುವುದನ್ನು, ಕಾಲು ಜೋಮು ಹಿಡಿಯುವುದನ್ನು ಅವನು ಬರೆದ. ರಜೆಯ ದಿನವಾದರೂ ಮೈ ಆಡಿಸಿ ಎಂಬುದು ಅವನ ಸಲಹೆ. ಸುಖದ ಕೂರುವಿಕೆ ಒಂದು, ದುಡಿಮೆಯ ಕೂರುವಿಕೆ ಇನ್ನೊಂದು ಎಂಬ ಈ ಭೇದ ಆಮೇಲಿನ ಚರ್ಚೆಯಲ್ಲಿ ಮತ್ತೆ ಮತ್ತೆ ಕಳೆದುಹೋಗಿದೆ.

ನಮ್ಮ ಕಡೆ ‘ವ್ಯಾಯಾಮ’ ಎಂಬುದು ದುಡಿಮೆಯಿಂದ ಬೇರೆಯಾಗಿ ನಿಂತದ್ದು ಗರಡಿ ಮನೆಗಳಲ್ಲಿ. ಅದು ಗುಮಾಸ್ತರ ತನಕ ಇಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸತೊಡಗಿದರು. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ (ನಮಗೆ ‘ಶಾಂತಲಾ’ ಕಾದಂಬರಿಯ ಅಯ್ಯರ್) ವ್ಯಾಯಾಮಶಾಲೆ ಕಟ್ಟಿ, ಅಂಚೆಯ ಮೂಲಕವೂ ಕಸರತ್ತಿನ ಪಾಠ ಹೇಳಿಕೊಟ್ಟರು. ಅಂಚೆಯಲ್ಲಿ ಕಸರತ್ತು ಕಲಿಯುವವನು ಹೊಲ ಉಳುವವನಂತೂ ಅಲ್ಲ. ಮೇಜಿನ ಮುಂದೆ ಕೂತು ಸಂಬಳ ಎಣಿಸುವ ಹೊಸ ವರ್ಗವೊಂದು ಆ ಹೊತ್ತಿಗೆ ಹುಟ್ಟಿತ್ತು, ಮೈಗೆ ಪ್ರತ್ಯೇಕ ಸಮಯ ಇಡಬೇಕಾದ ಪಾಡು ಮೊದಲು ಬಂದದ್ದು ಅದಕ್ಕೆ.

ಡ್ರೈವರ್, ಕಂಡಕ್ಟರ್ ಮತ್ತು ಒಂದು ಪ್ಯಾಂಟು

ಈ ಪ್ರಶ್ನೆಗೆ ಲೆಕ್ಕದ ಬಲ ಬಂದದ್ದು 1953ರಲ್ಲಿ. ಲಂಡನ್ನಿನ ಜೆರೆಮಿ ಮಾರಿಸ್ ಎಂಬ ವೈದ್ಯ ಅಲ್ಲಿನ ಸಾರಿಗೆ ನೌಕರರ ಹೃದಯದ ಕಾಯಿಲೆಯ ದಾಖಲೆಗಳನ್ನು ಹೋಲಿಸಿದ. ಎರಡಂತಸ್ತಿನ ಬಸ್ಸಿನಲ್ಲಿ ಡ್ರೈವರ್ ಇಡೀ ದಿನ ಕೂತಿರುತ್ತಾನೆ, ಕಂಡಕ್ಟರ್ ಮೆಟ್ಟಿಲು ಹತ್ತಿ ಇಳಿಯುತ್ತಿರುತ್ತಾನೆ. ಇಬ್ಬರೂ ಒಂದೇ ವರ್ಗದವರು, ಒಂದೇ ಬಸ್ಸಿನ ಹೊಗೆ ಕುಡಿಯುವವರು. ಹೃದಯಾಘಾತ ಡ್ರೈವರುಗಳಲ್ಲೇ ಹೆಚ್ಚು. ಅಂಚೆಯವರಲ್ಲೂ ಹೀಗೇ: ಕಾಗದ ಹಂಚುತ್ತ ತಿರುಗುವವನಿಗಿಂತ ಕಚೇರಿಯಲ್ಲಿ ಕೂತ ಗುಮಾಸ್ತನಿಗೆ ಅಪಾಯ ಜಾಸ್ತಿ.

ಈ ಕತೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಹೆಚ್ಚು ಇಷ್ಟವಾಗುವುದು ಇದರ ಮುಂದಿನ ಭಾಗ. 1956ರಲ್ಲಿ ಮಾರಿಸನೇ ನೌಕರರ ಸಮವಸ್ತ್ರದ ಅಳತೆ ಪುಸ್ತಕಗಳನ್ನು ತೆಗೆದು ನೋಡಿದ. ಡ್ರೈವರುಗಳ ಪ್ಯಾಂಟಿನ ಸೊಂಟ ಕಂಡಕ್ಟರುಗಳದ್ದಕ್ಕಿಂತ ದೊಡ್ಡದಿತ್ತು, ಅದೂ ಕೆಲಸಕ್ಕೆ ಸೇರಿದ ಎಳೆಯ ವಯಸ್ಸಿನಲ್ಲೇ. ಹಾಗಾದರೆ ಕೂತದ್ದರಿಂದ ಹೊಟ್ಟೆ ಬಂತೋ, ಹೊಟ್ಟೆ ಇದ್ದವನು ಕೂರುವ ಕೆಲಸ ಆರಿಸಿಕೊಂಡನೋ? ತನ್ನ ವಾದಕ್ಕೆ ತಾನೇ ಹಾಕಿಕೊಂಡ ಈ ಕೊಕ್ಕೆಯನ್ನು ಪೂರ್ತಿ ಬಿಡಿಸುವುದು ಆಮೇಲೆ ಬಂದ ಲಕ್ಷಗಟ್ಟಲೆ ಜನರ ಅಧ್ಯಯನಗಳಿಗೂ ಕಷ್ಟವಾಗಿದೆ.

ಅದೇ 1956ರಲ್ಲಿ ನಮ್ಮ ದೇಶದಿಂದಲೇ ಒಂದು ಸಾಕ್ಷಿ ಹೊರಬಂತು. ಪಶ್ಚಿಮ ಬಂಗಾಳದ ಲಡ್ಲೋ ಸೆಣಬಿನ ಗಿರಣಿಯ 213 ಮಂದಿಯ ಊಟ, ತೂಕ, ಕೆಲಸಗಳನ್ನು ಜೀನ್ ಮೇಯರ್ ಮತ್ತು ಸಂಗಡಿಗರು ಅಳೆದಿದ್ದರು. ಮೂಟೆ ಹೊರುವವರು ಹೆಚ್ಚು ಉಂಡರೂ ತೆಳ್ಳಗಿದ್ದರು. ಕೂತು ಅಂಗಡಿ ನಡೆಸುವವರು, ಗುಮಾಸ್ತರು ಕೂಡ ಹೆಚ್ಚು ಉಣ್ಣುತ್ತಿದ್ದರು, ತೂಕವೂ ಹೆಚ್ಚು. ಮೈ ಒಂದು ಮಟ್ಟಕ್ಕಿಂತ ಕಡಿಮೆ ಆಡಿದರೆ ಹಸಿವಿನ ಲೆಕ್ಕವೇ ತಪ್ಪುತ್ತದೆ ಎಂಬ ಊಹೆ ಹುಟ್ಟಿದ್ದು ಅಲ್ಲಿಂದ.

ಕೂರುವುದೇ ಬೇರೆ ಕೇಡು

ಮಾರಿಸನಿಂದ ಮುಂದಿನ ನಲವತ್ತು ವರ್ಷ ವಿಜ್ಞಾನಿಗಳ ಗಮನವೆಲ್ಲ ವ್ಯಾಯಾಮದ ಮೇಲಿತ್ತು. ಕೂರುವುದೆಂದರೆ ವ್ಯಾಯಾಮದ ಗೈರುಹಾಜರಿ, ಅಷ್ಟೆ. ಹೊಸ ಶತಮಾನದಲ್ಲಿ ಒಂದು ಗುಂಪು ಬೇರೆ ಮಾತು ತೆಗೆಯಿತು. ಬೆಳಿಗ್ಗೆ ಒಂದು ಗಂಟೆ ಓಡಿ ಉಳಿದ ಹತ್ತು ಗಂಟೆ ಕುರ್ಚಿಯಲ್ಲಿರುವವನಿಗೆ ಆ ಹತ್ತು ಗಂಟೆಯ ಕೇಡು ಪ್ರತ್ಯೇಕವಾಗಿ ತಟ್ಟುತ್ತದೆ ಎಂದಿತು.

ಅಮೆರಿಕದ ಮಾರ್ಕ್ ಹ್ಯಾಮಿಲ್ಟನ್ ಇಲಿಗಳ ಹಿಂಗಾಲಿಗೆ ಭಾರ ಬೀಳದಂತೆ ಮಾಡಿ ನೋಡಿದ. ರಕ್ತದಲ್ಲಿನ ಕೊಬ್ಬನ್ನು ಹಿಡಿದು ಸ್ನಾಯುವಿಗೆ ಕೊಡುವ ಲೈಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವ ಕೆಲವೇ ಗಂಟೆಗಳಲ್ಲಿ ಕುಗ್ಗಿತು. ಅದೇ ದೇಶದ ಮೇಯೊ ಕ್ಲಿನಿಕ್‌ನ ಜೇಮ್ಸ್ ಲೆವಿನ್ 2005ರಲ್ಲಿ ತೋರಿಸಿದ್ದು ಇನ್ನೊಂದು. ವ್ಯಾಯಾಮ ಮಾಡದವರಲ್ಲೇ ತೆಳ್ಳಗಿನವರಿಗಿಂತ ದಪ್ಪಗಿನವರು ದಿನಕ್ಕೆ ಎರಡು ಗಂಟೆಗೂ ಹೆಚ್ಚು ಕಾಲ ಜಾಸ್ತಿ ಕೂರುತ್ತಿದ್ದರು. ಎದ್ದು ನೀರು ತರುವುದು, ನಿಂತು ಮಾತಾಡುವುದು, ಬಾಗಿಲ ತನಕ ಹೋಗಿಬರುವುದು, ಇಂಥ ಲೆಕ್ಕಕ್ಕಿಲ್ಲದ ಓಡಾಟದಲ್ಲೇ ವ್ಯತ್ಯಾಸ. ಆಸ್ಟ್ರೇಲಿಯಾದ ಡೇವಿಡ್ ಡನ್‌ಸ್ಟನ್ ಗುಂಪು 2010ರಲ್ಲಿ ಟಿವಿ ಮುಂದಿನ ಗಂಟೆಗಳನ್ನು ಎಣಿಸಿ, ದಿನಕ್ಕೆ ಒಂದೊಂದು ಗಂಟೆ ಹೆಚ್ಚಿದಂತೆ ಸಾವಿನ ಅಪಾಯ ಶೇ. 11ರಷ್ಟು ಹೆಚ್ಚುವುದನ್ನು ಕಂಡಿತು. 2012ರಲ್ಲಿ ಅದೇ ಗುಂಪು ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಎರಡು ನಿಮಿಷ ನಡೆದವರಲ್ಲಿ ಊಟದ ನಂತರ ಏರುವ ಸಕ್ಕರೆ ತಗ್ಗುವುದನ್ನು ತೋರಿಸಿತು. ಸ್ನಾಯು ಸ್ವಲ್ಪ ಬಿಗಿದು ಸಡಿಲವಾದರೂ ಸಾಕು, ಇನ್ಸುಲಿನ್ನಿಗೆ ಹೆಚ್ಚು ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ನನ್ನ ಮಟ್ಟಿಗೆ ಈ ಪಕ್ಷದ ಗಟ್ಟಿ ಆಧಾರ ಇದು. ಆ ಪ್ರಯೋಗದಲ್ಲಿದ್ದವರು ಹತ್ತೊಂಬತ್ತು ಮಂದಿ ಮಾತ್ರ ಎಂಬುದೂ ನೆನಪಿರಲಿ.

‘ಕೂರುವುದೇ ಹೊಸ ಧೂಮಪಾನ’ ಎಂಬ ಘೋಷಣೆ ಹುಟ್ಟಿದ್ದು ಈ ಪಕ್ಷದ ಸಂಶೋಧನೆಯ ಬಿಸಿಯಲ್ಲಿ. ಹೊಗೆಸೊಪ್ಪಿನ ನಾಡಿನವರು ಇದನ್ನು ಸುಮ್ಮನೆ ಒಪ್ಪಬಾರದು. 2018ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಪತ್ರಿಕೆಯೊಂದರಲ್ಲಿ ಸಂಶೋಧಕರು ಎರಡನ್ನೂ ತಕ್ಕಡಿಗಿಟ್ಟು, ಸಿಗರೇಟಿನ ಕೇಡು ಕೂರುವುದರ ಕೇಡಿಗಿಂತ ಎಷ್ಟೋ ಪಟ್ಟು ದೊಡ್ಡದು, ಈ ಹೋಲಿಕೆ ಜನರ ದಾರಿ ತಪ್ಪಿಸುತ್ತದೆ ಎಂದು ಬರೆದರು. ಸಿಗರೇಟು ಸೇದಲೇಬೇಕೆಂದು ಯಾರಿಗೂ ಇಲ್ಲ. ಕೂರದೆ ಬದುಕಿದವರನ್ನು ನಾನಂತೂ ಕಂಡಿಲ್ಲ.

ಲೆಕ್ಕ ಚುಕ್ತಾ ಆಗುತ್ತದೆಯೇ

ಎದುರು ಪಕ್ಷದ ಮಾತು ಸರಳ: ನಡೆದರೆ ಕೂತದ್ದರ ಸಾಲ ತೀರುತ್ತದೆ. ನಾರ್ವೆಯ ಉಲ್ಫ್ ಎಕೆಲುಂಡ್ ಮತ್ತಿತರರು 2016ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟು ಮಾಡಿ ನೋಡಿದರು. ದಿನಕ್ಕೆ 60ರಿಂದ 75 ನಿಮಿಷ ಚುರುಕಾಗಿ ನಡೆಯುವವರಲ್ಲಿ ಎಂಟು ಗಂಟೆಗೂ ಮೀರಿ ಕೂತದ್ದರ ಹೆಚ್ಚುವರಿ ಅಪಾಯ ಅಳಿಸಿಹೋಗಿತ್ತು. ಟಿವಿ ಮುಂದೆ ಐದು ಗಂಟೆಗೂ ಹೆಚ್ಚು ಕೂತವರಲ್ಲಿ ಮಾತ್ರ ಅದು ತಗ್ಗಿತೇ ಹೊರತು ಪೂರ್ತಿ ಅಳಿಯಲಿಲ್ಲ. ಟಿವಿಯ ಜೊತೆ ಕುರುಕಲು ತಿಂಡಿ, ಒಂಟಿತನ, ಕೆಲಸವಿಲ್ಲದಿರುವುದು, ತಡವಾದ ನಿದ್ದೆ ಎಲ್ಲ ಸೇರಿಕೊಂಡಿರುತ್ತವೆ. ಯಾವುದರ ಪಾಲೆಷ್ಟು ಎಂದು ಬಿಡಿಸುವುದು ಸುಲಭವಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ನಡುದಾರಿ ಹಿಡಿಯಿತು. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಚಟುವಟಿಕೆ ಎಂದಿತು. ಒಮ್ಮೆಗೆ ಹತ್ತು ನಿಮಿಷವಾದರೂ ಇರಬೇಕೆಂಬ ಹಳೆಯ ಷರತ್ತನ್ನು ಕೈಬಿಟ್ಟಿತು. ಕೂರುವುದನ್ನು ಕಡಿಮೆ ಮಾಡಿ ಎಂದಿತು, ಆದರೆ ಎಷ್ಟು ಗಂಟೆ ಎಂದು ಹೇಳಲಿಲ್ಲ. ಆಧಾರ ಅಷ್ಟೇ ಇದ್ದದ್ದು. ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಲೆಕ್ಕಕ್ಕೆ ಅಷ್ಟೂ ಆಧಾರವಿರಲಿಲ್ಲ. ಅದು 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರು. ಈಚಿನ ಅಧ್ಯಯನಗಳಲ್ಲಿ ಏಳು ಸಾವಿರದ ಆಸುಪಾಸಿನಲ್ಲೇ ಲಾಭದ ಬಹುಪಾಲು ಸಿಕ್ಕಿಬಿಡುತ್ತದೆ.

ನಮ್ಮಂಥ ದೇಶಗಳಿಗೆ ಹತ್ತಿರದ ಮಾಹಿತಿ ಕೊಟ್ಟದ್ದು ‘ಪ್ಯೂರ್’ ಎಂಬ ಬಹುದೇಶದ ಅಧ್ಯಯನ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯೂ ಅದರಲ್ಲಿ ಪಾಲುದಾರ. 21 ದೇಶಗಳ ಒಂದು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ 2022ರಲ್ಲಿ ಬಂತು. ದಿನಕ್ಕೆ ನಾಲ್ಕು ಗಂಟೆಗಿಂತ ಕಡಿಮೆ ಕೂರುವವರಿಗಿಂತ ಎಂಟು ಗಂಟೆ ದಾಟಿದವರಲ್ಲಿ ಸಾವಿನ ಅಪಾಯ ಸುಮಾರು ಶೇ. 20 ಹೆಚ್ಚು, ಆದಾಯ ಕಡಿಮೆ ಇರುವ ದೇಶಗಳಲ್ಲಿ ಈ ನಂಟು ಇನ್ನೂ ಬಿಗಿ. ಬಡ ದೇಶದಲ್ಲಿ ಕೂರುವುದು ಹೆಚ್ಚು ಕೆಟ್ಟದ್ದೇಕೆ? ಕೂರುವವರು ಕಾಯಿಲೆಯವರೇ ಇರಬಹುದು, ಆಸ್ಪತ್ರೆ ದೂರವಿರಬಹುದು, ಕೂತು ಮಾಡುವ ಕೆಲಸದ ಸ್ವರೂಪವೇ ಬೇರೆಯಿರಬಹುದು. ಮಂಗಳೂರು, ಕಾಸರಗೋಡು ಕಡೆ ಬೀಡಿ ಕಟ್ಟುವ ಹೆಂಗಸು ಕೂರುವುದೂ ನಾರ್ವೆಯ ಬ್ಯಾಂಕ್ ನೌಕರ ಕೂರುವುದೂ ಕೋಷ್ಟಕದಲ್ಲಿ ಒಂದೇ ಅಂಕಣಕ್ಕೆ ಬೀಳುತ್ತವೆ.

ಎಲ್ಲಿ ಕೂತಿರಿ, ಹೇಗೆ ಕೂತಿರಿ

ಮೂರನೆಯ ಪಕ್ಷ ಚಿಕ್ಕದು. ನಮ್ಮ ಊರುಗಳಿಗೆ ಮುಟ್ಟುವುದು ಇದೇ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕೆ ಡೇವಿಡ್ ರೈಕ್ಲೆನ್ ಮತ್ತು ಸಂಗಡಿಗರು ಟಾಂಜಾನಿಯಾದ ಹಾಡ್ಜಾ ಎಂಬ ಬೇಟೆಗಾರ ಜನರ ಮೈಗೆ ಯಂತ್ರ ಕಟ್ಟಿ ನೋಡಿದರು. ಕಾಡು ಸುತ್ತುವ ಆ ಜನ ಹಗಲಿನಲ್ಲಿ ಸುಮಾರು ಹತ್ತು ಗಂಟೆ ಅಲುಗಾಡದೆ ಇರುತ್ತಾರೆ! ಹೆಚ್ಚುಕಡಿಮೆ ಪೇಟೆಯವರಷ್ಟೇ. ಆದರೂ ಹೃದಯದ ಕಾಯಿಲೆಯ ಲಕ್ಷಣಗಳು ಅವರಲ್ಲಿ ಕಡಿಮೆ. ಅವರಿಗೆ ಕುರ್ಚಿಯಿಲ್ಲ. ಕುಕ್ಕರಗಾಲಿನಲ್ಲಿ, ಮಂಡಿಯೂರಿ, ನೆಲದ ಮೇಲೆ ಕೂರುತ್ತಾರೆ. ಕುಕ್ಕರಗಾಲಿನಲ್ಲಿ ಕೂತಾಗ ಕಾಲಿನ ಸ್ನಾಯುಗಳು ಸಣ್ಣಗೆ ಕೆಲಸ ಮಾಡುತ್ತಲೇ ಇರುತ್ತವೆ ಎಂದು ಸ್ನಾಯುವಿನ ವಿದ್ಯುತ್ತನ್ನು ಅಳೆದು ಸಂಶೋಧಕರು ತೋರಿಸಿದರು. ಮನುಷ್ಯ ವಿಶ್ರಾಂತಿಗೆ ಒಗ್ಗಿದ್ದಾನೆ, ಬೆನ್ನೊರಗಿಸುವ ಕುರ್ಚಿಗೆ ಒಗ್ಗಿಲ್ಲ ಎಂಬುದು ಅವರ ವಾದ.

ಇದನ್ನು ಓದಿದಾಗ ನಮ್ಮ ಮನೆಗಳೊಳಗೆ ಮೂವತ್ತು ವರ್ಷದಲ್ಲಿ ಆದದ್ದು ಕಣ್ಣಿಗೆ ಕಟ್ಟುತ್ತದೆ. ಜಗುಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ ಹಿರಿಯರಿಗೆ ಪ್ಲಾಸ್ಟಿಕ್ ಕುರ್ಚಿ ಬಂತು. ನೆಲದ ಊಟ ಡೈನಿಂಗ್ ಟೇಬಲ್ಲಿಗೆ ಏರಿತು. ಒಲೆಯ ಮುಂದಿನ ಮಣೆ ಮೂಲೆ ಸೇರಿ ಅಡುಗೆ ಕಟ್ಟೆ ಬಂತು, ಕಕ್ಕಸಿನಲ್ಲಿ ಕಮೋಡು ಬಂತು. ದಿನಕ್ಕೆ ಹತ್ತಾರು ಸಲ ನೆಲದಿಂದ ಏಳುವ ಕೆಲಸ ಹೋಯಿತು. ಬ್ರೆಜಿಲ್ಲಿನ ಕ್ಲಾಡಿಯೊ ಜಿಲ್ ಅರೌಜೊ 2012ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ 51ರಿಂದ 80 ವಯಸ್ಸಿನ ಎರಡು ಸಾವಿರ ಜನರನ್ನು ನೆಲಕ್ಕೆ ಕೂತು ಆಸರೆಯಿಲ್ಲದೆ ಏಳಿರೆಂದು ಕೇಳಿದ್ದ. ಕೈಯೂರದೆ ಎದ್ದವರು ಮುಂದಿನ ವರ್ಷಗಳಲ್ಲಿ ಹೆಚ್ಚು ಬದುಕಿದರು.

ಆದರೆ ನೆಲವನ್ನು ಹೊಗಳಿ ಹಾಡುವ ಮುನ್ನ ಒಂದು ತಡೆ. ಮಂಡಿ ಸವೆದ ಅರವತ್ತರ ಅಜ್ಜಿಗೆ ಕಮೋಡು ವರವೇ ಸರಿ. ಬೀಸುವ ಕಲ್ಲಿನ ಹಾಡುಗಳಿಗೆ ಜಾನಪದ ಸಂಗ್ರಹಗಳಲ್ಲಿ ದೊಡ್ಡ ಜಾಗವಿದೆ. ಆ ಕಲ್ಲು ತಿರುಗಿಸಿದ ಹೆಣ್ಣುಮಕ್ಕಳು ಮಾತ್ರ ಊರಿಗೆ ರಾಗಿ ಮಿಲ್ ಬಂದ ದಿನ ಹಾಡು ನಿಂತಿತೆಂದು ಅಳಲಿಲ್ಲ.

ದುಡಿಮೆಗೂ ವ್ಯಾಯಾಮಕ್ಕೂ ನಂಟೆಷ್ಟು

ಮಾರಿಸನ ಕಂಡಕ್ಟರನಿಗೆ ಕೆಲಸವೇ ವ್ಯಾಯಾಮವಾಗಿತ್ತು. ಡೆನ್ಮಾರ್ಕಿನ ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತಿತರರು ಇದನ್ನು ತಿರುಗಿಸಿ ಹಾಕಿದ್ದಾರೆ. 2018ರಲ್ಲಿ ಅವರ ಗುಂಪು ಸುಮಾರು 1,94,000 ಜನರ ಮಾಹಿತಿ ಕೂಡಿಸಿದಾಗ, ಮೈಮುರಿಯುವ ಕೆಲಸದ ಗಂಡಸರಲ್ಲಿ ಹಗುರ ಕೆಲಸದವರಿಗಿಂತ ಬೇಗ ಸಾಯುವ ಅಪಾಯ ಶೇ. 18 ಹೆಚ್ಚಿತ್ತು. ಹೆಂಗಸರಲ್ಲಿ ಹಾಗೆ ಕಾಣಲಿಲ್ಲ. ಅವರು ಕೊಡುವ ಕಾರಣ ಹೀಗೆ: ವಾಕಿಂಗ್ ಹೋದವನು ಸಾಕೆನಿಸಿದಾಗ ನಿಲ್ಲುತ್ತಾನೆ, ಕೂಲಿಯವನು ನಿಲ್ಲುವಂತಿಲ್ಲ. ಎಂಟು ಗಂಟೆ ಏರಿದ ರಕ್ತದೊತ್ತಡ, ಬಗ್ಗಿದ ಬೆನ್ನು, ಸಾಲದ ವಿಶ್ರಾಂತಿ.

2021ರಲ್ಲಿ ನಾರ್ವೆಯ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಇದನ್ನು ಅಲ್ಲಗಳೆಯಿತು. ಓದು, ಆದಾಯ, ಸಿಗರೇಟು ಇವನ್ನೆಲ್ಲ ಸರಿಯಾಗಿ ಕಳೆದರೆ ಓಡಾಡುವ ಕೆಲಸದ ಗಂಡಸರೇ ಹೆಚ್ಚು ಬದುಕುತ್ತಾರೆ ಎಂದಿತು. ಪ್ಯೂರ್ ಅಧ್ಯಯನದ 2017ರ ವರದಿಯೂ ಮನೆಗೆಲಸ, ಕೂಲಿ, ನಡಿಗೆ ಯಾವುದಾದರೂ ಸರಿ, ಮೈ ಆಡಿದ್ದಕ್ಕೆ ಫಲವಿದೆ ಎಂದಿತ್ತು.

ಹೊಗೆಸೊಪ್ಪಿನ ವರ್ಷವನ್ನು ಈ ಎರಡರ ನಡುವೆ ಇಟ್ಟು ನೋಡಿ. ಬೇಸಿಗೆಯಲ್ಲಿ ಮಡಿಗೆ ನೀರು ಹೊರಬೇಕು. ಮುಂಗಾರಿನಲ್ಲಿ ಬಗ್ಗಿ ಸಸಿ ನೆಡಬೇಕು. ಆಮೇಲೆ ಮಳೆಯಲ್ಲಿ ನೆನೆಯುತ್ತ ಬುಡದಿಂದ ಎಲೆ ಮುರಿದು, ಹೊತ್ತು ತಂದು, ಕೂತು ಕಡ್ಡಿಗೆ ಕಟ್ಟಬೇಕು. ಬ್ಯಾರನ್‌ನೊಳಗೆ ಅಟ್ಟದಿಂದ ಅಟ್ಟಕ್ಕೆ ಏರಿಸಬೇಕು. ಒಲೆಗೆ ಸೌದೆ ಒಡ್ಡುತ್ತ ಐದಾರು ರಾತ್ರಿ ನಿದ್ದೆಗೆಡಬೇಕು. ಕೊನೆಗೆ ವಾರಗಟ್ಟಲೆ ಕೂತು ಬಣ್ಣ ಬಣ್ಣದ ರಾಶಿ ಮಾಡಬೇಕು. ಒಂದೇ ಮೈ ವರ್ಷದಲ್ಲಿ ಮೂಟೆ ಹೊರುವವನದೂ ಹೌದು, ಗುಮಾಸ್ತನದೂ ಹೌದು. ಜೇನು ಕುರುಬರ ಹಾಡಿಗಳಿಂದ ಕೊಡಗಿನ ಕಾಫಿ ತೋಟಕ್ಕೆ ಜೀಪಿನಲ್ಲಿ ಹೋಗುವವರ ದಿನವೂ ಹೀಗೇ: ಕಿಕ್ಕಿರಿದು ಕೂತ ಪಯಣ, ಆಮೇಲೆ ಇಳಿಜಾರಿನಲ್ಲಿ ದಿನವಿಡೀ ನಿಂತ ಕೆಲಸ. ‘ನೀವು ದಿನಕ್ಕೆ ಸಾಮಾನ್ಯವಾಗಿ ಎಷ್ಟು ಗಂಟೆ ಕೂರುತ್ತೀರಿ’ ಎಂಬ ಪ್ರಶ್ನಾವಳಿಗೆ ಇವರು ಯಾವ ತಿಂಗಳ ಉತ್ತರ ಕೊಡಬೇಕು?

ಇನ್ನು ಕೋಟೆಯಿಂದ ಬಾವಲಿ ದಾಟಿ ವಯನಾಡಿಗೆ ಇಳಿದರೆ ಕೇರಳ. ಅಲ್ಲಿ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದ್ದು ಕೂರುವ ಹಕ್ಕಿಗಾಗಿ. ಗಿರಾಕಿ ಇಲ್ಲದಾಗಲೂ ಕೂರಬಾರದು ಎಂಬ ಕಟ್ಟಳೆಯಲ್ಲಿ ಹತ್ತು ಹನ್ನೆರಡು ಗಂಟೆ ನಿಂತು ಕಾಲಿನ ನರ ಉಬ್ಬಿದವರು ಅವರು. 2018ರಲ್ಲಿ ಕೇರಳ, 2021ರಲ್ಲಿ ತಮಿಳುನಾಡು ಅಂಗಡಿ ಕಾಯ್ದೆ ತಿದ್ದಿ ಕೂರಲು ಆಸನ ಕಡ್ಡಾಯ ಮಾಡಿದವು. ಅತ್ತ ಐಟಿ ಕಚೇರಿಗಳು ನಿಂತು ಕೆಲಸ ಮಾಡುವ ಮೇಜು ಕೊಳ್ಳುತ್ತಿದ್ದ ಕಾಲವೇ ಅದು. ಬರಿದೇ ನಿಲ್ಲುವುದರಿಂದ ಸುಡುವ ಕ್ಯಾಲೊರಿ ತೀರ ಕಡಿಮೆ. ಬ್ರಿಟನ್ನಿನ ಜನರ ಮಾಹಿತಿ ಬಳಸಿದ 2024ರ ಅಧ್ಯಯನವೊಂದರಲ್ಲಿ ಹೆಚ್ಚು ಹೊತ್ತು ನಿಲ್ಲುವವರಿಗೆ ಹೃದಯದ ಲಾಭವೂ ಕಾಣಲಿಲ್ಲ, ಕಾಲಿನ ರಕ್ತನಾಳದ ತೊಂದರೆ ಮಾತ್ರ ಹೆಚ್ಚಿತ್ತು. ಸೀರೆ ಅಂಗಡಿಯ ಹುಡುಗಿಯರು ಇದನ್ನು ಮೊದಲೇ ಹೇಳಿದ್ದರು.

ಊರು, ದಾರಿ, ತಾಯಿಯ ಹೊಟ್ಟೆ

ಕೂರುವುದನ್ನು ಒಬ್ಬೊಬ್ಬರ ಸೋಮಾರಿತನವೆಂದು ನೋಡುವುದೇ ತಪ್ಪು, ಊರು ಹೇಗಿದೆ ನೋಡಿ ಎನ್ನುವವರು ಇನ್ನೊಂದು ಪಕ್ಷ. ಲಖನೌ, ನಾಗಪುರ, ಹೈದರಾಬಾದ್, ಬೆಂಗಳೂರುಗಳ ಕಾರ್ಖಾನೆಗಳಿಗೆ ಹಳ್ಳಿಯಿಂದ ಬಂದ ಕೆಲಸಗಾರರನ್ನು ಊರಲ್ಲೇ ಉಳಿದ ಅವರ ಒಡಹುಟ್ಟಿದವರೊಂದಿಗೆ ಹೋಲಿಸಿದ ಅಧ್ಯಯನವೊಂದು 2010ರಲ್ಲಿ ಬಂತು. ಗಂಡಸರಲ್ಲಿ ಸಕ್ಕರೆ ಕಾಯಿಲೆ ಹಳ್ಳಿಯವರಲ್ಲಿ ಶೇ. 6.2, ವಲಸೆ ಬಂದವರಲ್ಲಿ ಶೇ. 14.3, ಪೇಟೆಯಲ್ಲೇ ಹುಟ್ಟಿದವರಲ್ಲಿ ಶೇ. 13.5. ಒಂದೇ ತಾಯಿಯ ಮಕ್ಕಳ ನಡುವೆ ಇಷ್ಟು ಅಂತರವಿದ್ದರೆ ಜೀನುಗಳನ್ನು ದೂರುವುದು ಕಷ್ಟ. 2013ರ ಇನ್ನೊಂದು ಬರಹ ಅದೇ ಜನರಲ್ಲಿ ಕೆಲಸಕ್ಕೆ ಬೈಕು, ಕಾರಿನಲ್ಲಿ ಹೋಗುವವರ ತೂಕ ಸೈಕಲ್ ತುಳಿಯುವವರಿಗಿಂತ, ನಡೆಯುವವರಿಗಿಂತ ಹೆಚ್ಚೆಂದು ತೋರಿಸಿತು.

ಹೀಗೆ ನೋಡಿದರೆ ಕರ್ನಾಟಕದ ಕೆಲವು ಯೋಜನೆಗಳು ಆರೋಗ್ಯ ಇಲಾಖೆಯ ಗೊಡವೆಯಿಲ್ಲದೆಯೇ ಜನರ ಕಾಲಿನ ಮೇಲೆ ಪರಿಣಾಮ ಮಾಡಿವೆ. 2006-07ರಲ್ಲಿ ಶುರುವಾದ, ಎಂಟನೇ ತರಗತಿಯ ಮಕ್ಕಳ ಸರ್ಕಾರಿ ಸೈಕಲ್ ಒಂದು. 2023ರ ಜೂನ್ 11ರಂದು ಜಾರಿಗೆ ಬಂದ, ಹೆಂಗಸರಿಗೆ ಉಚಿತ ಬಸ್ ಪಯಣದ ಶಕ್ತಿ ಯೋಜನೆ ಇನ್ನೊಂದು. ಬಸ್ಸಿನಲ್ಲಿ ಹೋಗುವವಳು ಕೂರುತ್ತಾಳೆ ನಿಜ, ಆದರೆ ನಿಲ್ದಾಣದ ತನಕ ನಡೆಯುತ್ತಾಳೆ, ಸೀಟು ಸಿಗದೆ ನಿಲ್ಲುತ್ತಾಳೆ ಕೂಡ. ಆ ನಡಿಗೆಯನ್ನು ಯಾರಾದರೂ ಅಳೆಯಬೇಕು.

‘ಬೆಳಿಗ್ಗೆ ಐದಕ್ಕೆ ಎದ್ದು ನಡೆಯಿರಿ’ ಎಂಬ ವೈದ್ಯರ ಸಲಹೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಗೆ ಸರಿ. ಕಾಡಂಚಿನ ಊರಿನಲ್ಲಿ ಆ ಹೊತ್ತು ಆನೆ ಹೊಲದಿಂದ ಕಾಡಿಗೆ ಮರಳುವ ಹೊತ್ತು, ಹುಲಿಯ ಭಯವೂ ಉಂಟು. ಕಬಿನಿ ಅಣೆಕಟ್ಟು ಮುಗಿದ 1974ರ ಆಸುಪಾಸಿನಲ್ಲಿ ಹಳ್ಳಿಗಳು ಮುಳುಗಿ, ಕಾಡು ಸಂರಕ್ಷಿತವಾಗಿ, ಜೇನಿಗೆ, ಗೆಣಸಿಗೆ, ನೆಂಟರ ಹಾಡಿಗೆ ಹೋಗುತ್ತಿದ್ದ ಎಷ್ಟೋ ಕಾಲುದಾರಿಗಳು ಮುಚ್ಚಿಹೋದವು. ಆ ಜನ ನಡೆಯುವುದನ್ನು ತಾವಾಗಿ ಬಿಟ್ಟದ್ದಲ್ಲ.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಈ ಚರ್ಚೆಗೆ ಕೊಟ್ಟದ್ದು ಇನ್ನೂ ಹಿಂದಕ್ಕೆ ಹೋಗುತ್ತದೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟ ಕಡತಗಳಿದ್ದವು. 1990ರ ದಶಕದಲ್ಲಿ ಆ ಮಕ್ಕಳನ್ನು, ಆಗ ಐವತ್ತರ ಆಸುಪಾಸಿನವರನ್ನು, ಹುಡುಕಿ ಪರೀಕ್ಷಿಸಿದಾಗ ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. ತಾಯಿಯ ಹೊಟ್ಟೆಯಲ್ಲೇ ಕೊರತೆ ಉಂಡ ಮೈಗೆ ಮುಂದೆ ಸುಖ ಜೀರ್ಣವಾಗುವುದಿಲ್ಲ ಎಂಬ ವಾದಕ್ಕೆ ಇದು ಬಲ ಕೊಟ್ಟಿತು. ಹಾಗಾದರೆ ಎಂಟು ಗಂಟೆ ಕೂರುವುದು ನಾಲ್ಕು ಕಿಲೋ ತೂಗಿ ಹುಟ್ಟಿದ ನಾರ್ವೆಯವನಿಗೆ ಒಂದು, ಎರಡು ಕಿಲೋ ಚಿಲ್ಲರೆ ತೂಗಿ ಹುಟ್ಟಿದ ಕೋಟೆಯವನಿಗೆ ಇನ್ನೊಂದು.

ಇನ್ನೂ ಇತ್ಯರ್ಥವಾಗದ್ದು

ಬಹುಕಾಲ ಅಲುಗಾಡದಿರುವುದು ಕೆಡುಕು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. 1966ರಲ್ಲಿ ಡಲ್ಲಾಸಿನಲ್ಲಿ ಐವರು ಗಟ್ಟಿಮುಟ್ಟಾದ ಹುಡುಗರನ್ನು ಇಪ್ಪತ್ತು ದಿನ ಹಾಸಿಗೆಯಲ್ಲಿ ಮಲಗಿಸಿದ್ದರು. ಮೂವತ್ತು ವರ್ಷದ ನಂತರ ಅವರನ್ನೇ ಮತ್ತೆ ಪರೀಕ್ಷಿಸಿದಾಗ, ಮೂರು ದಶಕದ ಮುಪ್ಪಿಗಿಂತ ಆ ಮೂರು ವಾರದ ಹಾಸಿಗೆಯೇ ಅವರ ದಮ್ಮನ್ನು ಹೆಚ್ಚು ಕುಂದಿಸಿತ್ತು. ಜಗಳವಿರುವುದು ಇದರಾಚೆ. ಎಷ್ಟು ಗಂಟೆಯ ನಂತರ ಕೂರುವುದು ಅಪಾಯ? ನಡೆದು ತೀರಿಸಬಹುದಾದ ಸಾಲ ಎಷ್ಟು, ತೀರದ ಸಾಲ ಎಷ್ಟು? ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದವರ ಸಕ್ಕರೆ ಆ ದಿನ ತಗ್ಗುತ್ತದೆ, ಸರಿ. ಇಪ್ಪತ್ತು ವರ್ಷದ ನಂತರ ಅವರ ಹೃದಯ ಹೇಗಿರುತ್ತದೆ? ಮೈಮುರಿವ ದುಡಿಮೆ ಕಾಯುತ್ತದೋ ಕೊಲ್ಲುತ್ತದೋ?

ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನ ಸಾಕಷ್ಟು ಮೈ ಆಡಿಸುವುದಿಲ್ಲ. ಗಂಡಸರಲ್ಲಿ ಶೇ. 42, ಹೆಂಗಸರಲ್ಲಿ ಶೇ. 57. ಹೆಂಗಸರೇ ಹೆಚ್ಚು ಕೂತಿರುತ್ತಾರೆಂದು ಎನ್. ಬೇಗೂರಿನಲ್ಲಿ ಹೇಳಿ ನೋಡಿ. ಪೇಟೆಯ ಹೆಂಗಸರಿಗೆ ಹೊರಗೆ ನಡೆಯಲು ಬಿಡುವು, ಜಾಗ, ಧೈರ್ಯ ಇಲ್ಲದಿರುವುದು ನಿಜವಿರಬಹುದು. ಮನೆಗೆಲಸವನ್ನು ‘ಕೆಲಸ’ ಎಂದು ಹೇಳಿಕೊಳ್ಳಲು ಅವರಿಗೇ ಸಂಕೋಚವಿರುವುದೂ ನಿಜವಿರಬಹುದು.

ಪ್ರಶ್ನೆ ಕೇಳುವುದು ಬೇಡ, ಯಂತ್ರ ಕಟ್ಟಿ ಅಳೆಯೋಣ ಎಂದರೆ ಅಲ್ಲೂ ಒಂದು ತೊಡಕು. ಕೂರುವುದನ್ನು ನಿಲ್ಲುವುದರಿಂದ ಬೇರೆ ಮಾಡಲು ಸಂಶೋಧಕರು ನೆಚ್ಚುವುದು ತೊಡೆಗೆ ಅಂಟಿಸುವ ಪುಟ್ಟ ಯಂತ್ರವನ್ನು. ತೊಡೆ ನೆಟ್ಟಗಿದ್ದರೆ ನಿಂತಿದ್ದಾರೆ, ಅಡ್ಡಡ್ಡವಿದ್ದರೆ ಕೂತಿದ್ದಾರೆ ಎಂಬುದು ಅದರ ಲೆಕ್ಕ. ಕುಕ್ಕರಗಾಲಿನಲ್ಲಿ ಒಲೆ ಊದುವವಳು, ಚಕ್ಕಳಮಕ್ಕಳ ಹಾಕಿ ಸೊಪ್ಪು ಆರಿಸುವವಳು, ಸೋಫಾದಲ್ಲಿ ಧಾರಾವಾಹಿ ನೋಡುವವಳು, ಮೂವರ ತೊಡೆಯೂ ಅಡ್ಡವೇ. ಹಾಡ್ಜಾ ಜನರ ಕಾಲಿನ ಸ್ನಾಯುವನ್ನು ಅಳೆದಂತೆ ಕೋಟೆ ಸೀಮೆಯ ಬ್ಯಾರನ್ ಪಡಸಾಲೆಯಲ್ಲಿ ಕೂತವರದನ್ನು ಅಳೆದರೆ ಏನು ಸಿಗುತ್ತದೋ ನೋಡಬೇಕು. ಅಲ್ಲಿಯ ತನಕ ಆಶಾ ಕಾರ್ಯಕರ್ತೆಯ ಹಾಳೆಯಲ್ಲಿ ಆ ಮನೆಯಾಕೆಯ ಹೆಸರಿನ ಮುಂದೆ ‘ಹೌದು’ ಬೀಳುವುದೋ ‘ಇಲ್ಲ’ ಬೀಳುವುದೋ, ಅದು ಬಾಗಿಲಲ್ಲಿ ನಿಂತ ಆ ಇಬ್ಬರು ಹೆಂಗಸರು ಮಾತಾಡಿಕೊಂಡು ಒಪ್ಪಿದ್ದಕ್ಕೆ ಬಿಟ್ಟದ್ದು.